ಟೈಮಿಂಗ್ ಚೈನ್‌ಗೆ ಕೈ ಹಾಕುವ ಮೊದಲು ಟೂಲ್ ಪೆಟ್ಟಿಗೆ ನೋಡಿಕೊಳ್ಳಿ

ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟನ್ನು ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟ್‌ಗೆ ಜೋಡಿಸಿ, ಎರಡೂ ತಾಳ ತಪ್ಪದಂತೆ ಓಡಿಸುವುದೇ ಟೈಮಿಂಗ್ ಚೈನ್. ಅದನ್ನು ಬದಲಿಸಲು ಹೊರಟವರು ಮೊದಲು ವಿಚಾರಿಸುವುದು ಚೈನ್ ಬಗ್ಗೆ. ಯಾವ ಕಂಪನಿಯದು ಒಳ್ಳೆಯದು, ಎಷ್ಟು ವರ್ಷ ಬಾಳಿಕೆ ಬರುತ್ತದೆ ಅಂತ. ನಿಜ ಹೇಳಬೇಕಂದ್ರೆ ಚೈನ್ ಕೂರಿಸುವುದು ಈ ಇಡೀ ಕೆಲಸದ ಸುಲಭದ ಭಾಗ. ಹಳೇ ಚೈನ್ ಬಿಚ್ಚಿ ಹೊಸದು ಹಾಕುವವರೆಗೆ ಕ್ರ್ಯಾಂಕ್ ಮತ್ತು ಕ್ಯಾಮ್ ಎರಡೂ ಇದ್ದಲ್ಲೇ ನಿಲ್ಲಬೇಕು. ಆಮೇಲೆ ಒಂದೊಂದು ಬೋಲ್ಟೂ ಹೇಳಿದಷ್ಟೇ ಬಿಗಿಯಾಗಬೇಕು. ಇವೆರಡಕ್ಕೆ ಕೈಚಳಕ ಒಂದೇ ಸಾಲದು, ಸರಿಯಾದ ಟೂಲ್ ಬೇಕೇ ಬೇಕು.

ಯಾಕೆ ಇಷ್ಟು ಹೆದರಬೇಕು ಅಂತ ಒಂದು ಸಣ್ಣ ಲೆಕ್ಕ ನೋಡಿ. ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಕ್ರ್ಯಾಂಕ್ ಸ್ಪ್ರಾಕೆಟ್‌ಗೆ (ಚೈನ್ ಕೂರುವ ಹಲ್ಲುಚಕ್ರಕ್ಕೆ) 20 ಹಲ್ಲು ಅಂದುಕೊಳ್ಳಿ. ಚೈನ್ ಒಂದೇ ಒಂದು ಹಲ್ಲು ತಪ್ಪಿ ಕೂತರೆ ಕ್ರ್ಯಾಂಕ್ ಲೆಕ್ಕದಲ್ಲಿ 18 ಡಿಗ್ರಿ ಹೋಯಿತು. ಈಗಿನ ಅನೇಕ ಎಂಜಿನ್‌ಗಳಲ್ಲಿ ವಾಲ್ವ್ ಇಳಿಯುವ ಜಾಗಕ್ಕೇ ಪಿಸ್ಟನ್ನೂ ಏರಿ ಬರುತ್ತದೆ. ಒಂದು ಬರುವ ಹೊತ್ತಿಗೆ ಇನ್ನೊಂದು ಸರಿದಿರುತ್ತದೆ, ಹಾಗಾಗಿ ಎರಡೂ ಬಚಾವ್. ಆ ಹೊತ್ತು ತಪ್ಪಿದರೆ ವಾಲ್ವ್ ಬಾಗುತ್ತದೆ, ಎಂಜಿನ್ ಮೇಲ್ಭಾಗದ ಹೆಡ್ ಇಳಿಸಬೇಕಾಗುತ್ತದೆ.

ಮೊದಲ ಟೂಲ್: ನಿಮ್ಮ ಎಂಜಿನ್‌ನ ಮ್ಯಾನುಯಲ್

ಇದನ್ನು ಟೂಲ್ ಅಂತ ಕರೆದರೆ ನಗಬೇಡಿ. ಮ್ಯಾನುಯಲ್ ಇಲ್ಲದೆ ಉಳಿದ ಯಾವ ಟೂಲ್ ಬೇಕು ಅಂತಲೇ ಗೊತ್ತಾಗುವುದಿಲ್ಲ. ಕಾರಿನ ಹೆಸರು, ವರ್ಷ ಹೇಳಿದರೆ ಸಾಲದು, ಎಂಜಿನ್ ಕೋಡ್ ಬೇಕು. ಒಂದೇ ಹೆಸರಿನ ಕಾರಲ್ಲಿ ಎರಡು ಮೂರು ಬೇರೆ ಎಂಜಿನ್ ಇರುತ್ತವೆ. ಬ್ಲಾಕ್ ಮೇಲೆ ಕೊರೆದಿರುವ ಕೋಡ್ ಓದಿಕೊಂಡು ಅದಕ್ಕೆ ಹೊಂದುವ ವರ್ಕ್‌ಶಾಪ್ ಮ್ಯಾನುಯಲ್ ಹಿಡಿಯಿರಿ. ಸ್ಪ್ಯಾನರ್ ಮುಟ್ಟುವ ಮೊದಲು ಆ ಅಧ್ಯಾಯವನ್ನು ಎರಡು ಸಲ ಓದಿ.

ಓದುವಾಗ ಏನು ಹುಡುಕಬೇಕು? ಮೊದಲಿಗೆ, ಚೈನ್ ಯಾವ ಕಡೆ ಇದೆ ಅಂತ. ಸಾಮಾನ್ಯವಾಗಿ ಬೆಲ್ಟ್ ಓಡುವ ಪುಲ್ಲಿಗಳಿರುವ ಬದಿಯಲ್ಲೇ ಇರುತ್ತದೆ. ಆದರೆ ಬಿಎಂಡಬ್ಲ್ಯೂನ ಎನ್47 ಡೀಸೆಲ್‌ನಲ್ಲಿ ಅದು ಗೇರ್‌ಬಾಕ್ಸ್ ಕಡೆ ಇದೆ. ಅಂಥದ್ದಕ್ಕೆ ಎಂಜಿನ್ ಅಥವಾ ಗೇರ್‌ಬಾಕ್ಸ್ ಇಳಿಸುವ ಸಲಕರಣೆ ಬೇಕು. ಅದಿಲ್ಲದಿದ್ದರೆ ಈ ಕೆಲಸ ಅಲ್ಲಿಗೇ ಬಿಟ್ಟುಬಿಡಿ.

ಎರಡನೆಯದಾಗಿ, ಕ್ರ್ಯಾಂಕ್ ಸ್ಪ್ರಾಕೆಟ್‌ಗೆ ಕೀಲಿ ಇದೆಯಾ ಅಂತ. ಶಾಫ್ಟ್ ಮತ್ತು ಸ್ಪ್ರಾಕೆಟ್ ನಡುವೆ ಕೂರುವ ಚಿಕ್ಕ ಉಕ್ಕಿನ ತುಂಡು ಅದು. ಇದ್ದರೆ ಸ್ಪ್ರಾಕೆಟ್ ಒಂದೇ ರೀತಿ ಕೂರುತ್ತದೆ, ತಪ್ಪು ಮಾಡಬೇಕೆಂದರೂ ಆಗುವುದಿಲ್ಲ. ಇಲ್ಲದಿದ್ದರೆ ಬೋಲ್ಟಿನ ಬಿಗಿಯೊಂದೇ ಅದನ್ನು ಹಿಡಿದಿರುತ್ತದೆ. ಬೋಲ್ಟ್ ಸಡಿಲಿಸಿದ ಕ್ಷಣ ಟೈಮಿಂಗ್ ಹೋಯಿತು.

ಮೂರನೆಯದಾಗಿ, ಚೈನ್ ಒಂದೇ ಉಂಗುರವಾಗಿ ಬರುತ್ತದಾ, ಕೊಂಡಿ ಬಿಚ್ಚಿ ಹಾಕುವಂಥದ್ದಾ ಅಂತ. ಮರ್ಸಿಡಿಸ್‌ನ ಹಲವು ಎಂಜಿನ್‌ಗಳಲ್ಲಿ ಹಳೇ ಚೈನನ್ನು ಕತ್ತರಿಸಿ, ಅದರ ತುದಿಗೆ ಹೊಸದನ್ನು ಸಿಕ್ಕಿಸಿ, ಕ್ರ್ಯಾಂಕ್ ತಿರುಗಿಸುತ್ತಾ ಒಳಗೆಳೆದು ಕೊನೆಗೆ ರಿವೆಟ್ ಮಾಡುತ್ತಾರೆ. ಅದಕ್ಕೆ ಚೈನ್ ಕತ್ತರಿಸುವ ಮತ್ತು ರಿವೆಟ್ ಮಾಡುವ ಟೂಲ್ ಬೇಕು. ಉಂಗುರದಂತೆ ಬರುವ ಚೈನ್‌ಗೆ ಅದರ ಅಗತ್ಯವೇ ಇಲ್ಲ.

ಈ ಹೊತ್ತಲ್ಲೇ ಒಂದು ಹಾಳೆ ತೆಗೆದುಕೊಂಡು ಪ್ರತಿ ಬೋಲ್ಟಿನ ತಲೆಯ ಆಕಾರ, ಅಳತೆ, ಟಾರ್ಕ್ (ಎಷ್ಟು ಬಿಗಿ ಮಾಡಬೇಕೆಂಬ ಅಂಕೆ), ಮತ್ತೆ ಬಳಸಬಹುದಾ ಅಂತ ಬರೆದುಕೊಳ್ಳಿ. ಆ ಹಾಳೆಯೇ ನಿಮ್ಮ ಖರೀದಿ ಪಟ್ಟಿ.

ಬಿಚ್ಚುವ ಮೊದಲು ಒಂದು ಪರೀಕ್ಷೆ

ಚೈನ್ ನಿಜವಾಗಿ ಸವೆದಿದೆಯಾ ನೋಡಿಕೊಳ್ಳಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ ಗಲಗಲ ಸದ್ದು ಬಂದು ಕೆಲವು ಸೆಕೆಂಡಲ್ಲಿ ನಿಂತರೆ ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಮೇಲೂ ಅನುಮಾನ ಪಡಬೇಕು, ಚೈನ್ ಮೇಲೂ. ಸ್ಕ್ಯಾನರ್ ಹಾಕಿದರೆ ಪಿ0016ರಿಂದ ಪಿ0019ರವರೆಗಿನ ಕೋಡ್‌ಗಳಲ್ಲಿ ಒಂದು ಸಿಗಬಹುದು. ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರ್‌ಗಳ ಲೆಕ್ಕ ಒಂದಕ್ಕೊಂದು ತಾಳೆಯಾಗುತ್ತಿಲ್ಲ ಅಂತ ಅದರ ಅರ್ಥ. ಆಯಿಲ್ ಕಡಿಮೆ ಇದ್ದರೂ, ವಾಲ್ವ್ ಟೈಮಿಂಗ್ ಬದಲಿಸುವ ಸೊಲೆನಾಯ್ಡ್ ಕಟ್ಟಿಕೊಂಡಿದ್ದರೂ ಇದೇ ಕೋಡ್ ಬರಬಹುದು. ಒಂದು ಸಾಮಾನ್ಯ ಸ್ಕ್ಯಾನರ್, ಫೋನ್‌ಗೆ ಜೋಡಿಸಿ ಎಂಜಿನ್ ಒಳಗೆ ಇಣುಕುವ ಸಣ್ಣ ಎಂಡೋಸ್ಕೋಪ್ ಕ್ಯಾಮೆರಾ ಇದ್ದರೆ ಇಲ್ಲಿಗೆ ಸಾಕು.

ಲಾಕಿಂಗ್ ಕಿಟ್: ಇಲ್ಲಿ ಮಾತ್ರ ಜುಗ್ಗತನ ಬೇಡ

ಕ್ಯಾಮ್ ಹಿಡಿಯಲು ಒಂದು ಪ್ಲೇಟ್ ಅಥವಾ ಬ್ರಾಕೆಟ್, ಕ್ರ್ಯಾಂಕ್ ಹಿಡಿಯಲು ಒಂದು ಪಿನ್. ಕಿಟ್ ಅಂದರೆ ಬಹುತೇಕ ಇಷ್ಟೇ. ನೋಡಲು ಏನೂ ಅಲ್ಲ ಅನಿಸುತ್ತದೆ. ಆದರೆ ಒಂದೊಂದು ಎಂಜಿನ್‌ಗೂ ಇದು ಬೇರೆ. ಹತ್ತಾರು ಕಾರಿಗೆ ಆಗುತ್ತದೆ ಅಂತ ಮಾರುವ ದೊಡ್ಡ ಪೆಟ್ಟಿಗೆಯಲ್ಲಿ ನಿಮಗೆ ಬೇಕಾದ ಎರಡು ತುಂಡು ಇದ್ದರೂ ಇರಬಹುದು, ಇಲ್ಲದಿದ್ದರೂ ಇಲ್ಲ. ಎಂಜಿನ್ ಕೋಡ್ ಬರೆದಿರುವ ಕಿಟ್ಟನ್ನೇ ತೆಗೆದುಕೊಳ್ಳಿ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಫೋರ್ಡ್‌ನ ನಾಲ್ಕು ಸಿಲಿಂಡರ್ ಡ್ಯುರಾಟೆಕ್, ಅದರ ಸೋದರ ಅನ್ನಬಹುದಾದ ಮಜ್ದಾ ಎಲ್ ಸರಣಿಯ ಎಂಜಿನ್. ಎರಡು ಕ್ಯಾಮ್‌ಗಳ ಹಿಂತುದಿಯಲ್ಲೂ ಒಂದೊಂದು ಗೀರಿನಂಥ ಸೀಳು ಇದೆ. ಸಪಾಟಾದ ಉಕ್ಕಿನ ಪಟ್ಟಿಯೊಂದು ಎರಡೂ ಸೀಳಿಗೆ ಒಟ್ಟಿಗೆ ಕೂರಬೇಕು. ಕೆಳಗೆ ಬ್ಲಾಕ್‌ನಲ್ಲಿ ಒಂದು ಪ್ಲಗ್ ತೆಗೆದು ಅಲ್ಲಿ ಉದ್ದದ ಪಿನ್ ತಿರುಗಿಸುತ್ತೇವೆ. ಕ್ರ್ಯಾಂಕನ್ನು ನಿಧಾನಕ್ಕೆ ತಿರುಗಿಸಿದರೆ ಅದು ಆ ಪಿನ್‌ಗೆ ಒರಗಿ ನಿಲ್ಲುತ್ತದೆ. ಗಮನಿಸಿ, ಒರಗಿ ನಿಲ್ಲುತ್ತದೆ ಅಷ್ಟೇ. ಹಿಂದಕ್ಕೆ ತಿರುಗಿಸಿದರೆ ಆರಾಮಾಗಿ ತಿರುಗುತ್ತದೆ. ಇನ್ನೊಂದು ತುಂಡು ಏನಪ್ಪಾ ಅಂದರೆ ಬರೀ ಒಂದು ಎಂ6, ಅಂದರೆ 6 ಮಿ.ಮೀ. ದಪ್ಪದ, ಬೋಲ್ಟ್. ಕ್ರ್ಯಾಂಕ್ ಪುಲ್ಲಿಯ ತೂತಿನ ಮೂಲಕ ಅದನ್ನು ಮುಂದಿನ ಕವರ್‌ಗೆ ಹಾಕಿದರೆ ಪುಲ್ಲಿ ಸರಿಯಾದ ಕೋನದಲ್ಲಿ ಕೂರುತ್ತದೆ. ಕ್ರ್ಯಾಂಕ್ ಸೆನ್ಸರ್ ಓದುವ ಹಲ್ಲುಗಳು ಈ ಪುಲ್ಲಿಯಲ್ಲೇ ಇವೆ. ಇಲ್ಲಿ ಕೀಲಿಯೂ ಇಲ್ಲ. ಪುಲ್ಲಿ ಸ್ವಲ್ಪ ತಿರುಗಿ ಕೂತರೂ ಕಂಪ್ಯೂಟರ್‌ಗೆ ತಪ್ಪು ಲೆಕ್ಕ ಹೋಗುತ್ತದೆ.

ಈಗ ನೋಡಿ, ಈ ಮೂರರಲ್ಲಿ ಯಾವುದೂ ಬಲ ತಡೆಯಲು ಮಾಡಿದ್ದಲ್ಲ. ಇವು ಜಾಗ ತೋರಿಸುವ ಟೂಲ್‌ಗಳು. ಇವನ್ನೇ ನಂಬಿ, ಪುಲ್ಲಿಯನ್ನು ಕ್ರ್ಯಾಂಕ್‌ಗೆ ಬಿಗಿದಿರುವ ಕ್ರ್ಯಾಂಕ್ ಬೋಲ್ಟ್ ಬಿಚ್ಚಲು ಹೋದರೆ ಪಿನ್ ಬಾಗುತ್ತದೆ ಅಥವಾ ಕವರ್‌ನ ಥ್ರೆಡ್ ಕಿತ್ತು ಬರುತ್ತದೆ. ಕ್ಯಾಮ್ ಸ್ಪ್ರಾಕೆಟ್ ಬೋಲ್ಟಿಗೂ ಇದೇ ಮಾತು. ಹೆಚ್ಚಿನ ಕ್ಯಾಮ್‌ಗಳ ಮೈಮೇಲೆ ಒಂದು ಕಡೆ ಆರು ಮೂಲೆಯ ಭಾಗ ಇರುತ್ತದೆ. ಅಲ್ಲಿಗೆ ದೊಡ್ಡ ಓಪನ್ ಸ್ಪ್ಯಾನರ್ ಹಾಕಿ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಬೋಲ್ಟ್ ಬಿಚ್ಚಬೇಕು. ಆ ದೊಡ್ಡ ಸ್ಪ್ಯಾನರ್ ಎಷ್ಟೋ ಜನರ ಪೆಟ್ಟಿಗೆಯಲ್ಲಿ ಇರುವುದೇ ಇಲ್ಲ. ಅಳತೆ ಮೊದಲೇ ನೋಡಿ ತಂದಿಟ್ಟುಕೊಳ್ಳಿ.

ಎಲ್ಲ ಎಂಜಿನ್ನೂ ಒಂದನೇ ಪಿಸ್ಟನ್ ತುತ್ತತುದಿಗೆ ಬಂದಾಗ ಲಾಕ್ ಆಗುತ್ತದೆ ಅಂತಲೂ ಅಂದುಕೊಳ್ಳಬೇಡಿ. ಪೂಜೊ, ಸಿಟ್ರೋಯೆನ್, ಮಿನಿ ಕಾರುಗಳಿಗೆ ಬಂದ 1.6 ಲೀಟರ್‌ನ ಪ್ರಿನ್ಸ್ ಎಂಜಿನ್‌ನಲ್ಲಿ ನಾಲ್ಕೂ ಪಿಸ್ಟನ್ ಸಿಲಿಂಡರ್‌ನ ನಡುವೆ ನಿಂತಾಗ ಪಿನ್ ಕೂರುತ್ತದೆ.

ಕಿಟ್ ಕೈಗೆ ಬಂದ ದಿನವೇ ಒಂದು ಪರೀಕ್ಷೆ ಮಾಡಿ. ಚೈನ್ ಬಿಚ್ಚುವ ಮೊದಲೇ, ಲಾಕ್ ಜಾಗಕ್ಕೆ ಎಂಜಿನ್ ತಂದು, ಪ್ಲೇಟ್ ಮತ್ತು ಪಿನ್ ಹಾಕಿ ನೋಡಿ. ಕೈಯಿಂದಲೇ ನಯವಾಗಿ ಹೋಗಬೇಕು, ಹೋದ ಮೇಲೆ ಅಲ್ಲಾಡಬಾರದು. ಸುತ್ತಿಗೆ ತೆಗೆದುಕೊಳ್ಳುವ ಮನಸ್ಸಾದರೆ ಅಲ್ಲೇ ನಿಲ್ಲಿಸಿ. ನಾನೊಮ್ಮೆ ತರಿಸಿದ ಅಗ್ಗದ ಕಿಟ್‌ನ ಪಿನ್ ಎಷ್ಟು ಸಡಿಲ ಇತ್ತೆಂದರೆ, ಪಿನ್ ಹಾಕಿದ ಮೇಲೂ ಕ್ರ್ಯಾಂಕ್ ಎರಡೂ ಕಡೆ ಒಂದಿಷ್ಟು ಓಲಾಡುತ್ತಿತ್ತು. ಚೈನ್ ತೆಗೆದ ಮೇಲೆ ಗೊತ್ತಾಗಿದ್ದರೆ ನನ್ನ ಕಥೆ ಮುಗಿದಿತ್ತು. ಇನ್ನೊಂದು ಮಾತು: ಕ್ರ್ಯಾಂಕ್ ಪಿನ್ ಸರಿಯಾಗಿ ಕೂತು, ಕ್ಯಾಮ್ ಪ್ಲೇಟ್ ಮಾತ್ರ ಒಂದು ಚೂರಲ್ಲಿ ತಪ್ಪುತ್ತಿದ್ದರೆ ಅದು ಕಿಟ್ಟಿನ ತಪ್ಪೇ ಆಗಬೇಕಿಲ್ಲ. ಚೈನ್ ಸವೆದು ಉದ್ದವಾಗಿದ್ದರೂ ಹಾಗೇ ಆಗುತ್ತದೆ. ಚೈನ್ ಉದ್ದವಾಗುವುದು ಅಂದರೆ ಉಕ್ಕು ಎಳೆದುಕೊಂಡಿದೆ ಅಂತಲ್ಲ. ಕೊಂಡಿಗಳ ಪಿನ್ ಸವೆದು, ಒಂದೊಂದರ ಸಡಿಲವೂ ಕೂಡಿಕೊಂಡು ಒಟ್ಟು ಉದ್ದ ಜಾಸ್ತಿಯಾಗಿರುತ್ತದೆ.

ಕ್ರ್ಯಾಂಕ್ ಬೋಲ್ಟ್

ಇಡೀ ಕೆಲಸದಲ್ಲಿ ಮೈಬೆವರು ಇಳಿಸುವುದು ಇದೇ ಬೋಲ್ಟ್. ಇದಕ್ಕೆ ಮೂರು ವಸ್ತು ಬೇಕು. ಅರ್ಧ ಇಂಚಿನ ಗಟ್ಟಿ ಬ್ರೇಕರ್ ಬಾರ್ (ಉದ್ದ ಹಿಡಿಕೆಯ ಬಿಚ್ಚುವ ಸಲಾಕೆ), ಆರು ಮೂಲೆಯ ಇಂಪ್ಯಾಕ್ಟ್ ಸಾಕೆಟ್, ಮತ್ತು ಪುಲ್ಲಿ ತಿರುಗದಂತೆ ಹಿಡಿಯುವ ಹೋಲ್ಡರ್. ಹನ್ನೆರಡು ಮೂಲೆಯ ಸಾಕೆಟ್ ಇಲ್ಲಿಗೆ ಬೇಡ. ಅದು ಬೋಲ್ಟಿನ ಮೂಲೆಗಳನ್ನೇ ಹಿಡಿಯುತ್ತದೆ, ಒಂದು ಸಲ ಜಾರಿದರೆ ಮೂಲೆ ಉರುಟಾಗುತ್ತದೆ.

ಹೋಲ್ಡರ್‌ಗಳಲ್ಲಿ ತರಾವರಿ ಇವೆ. ಪುಲ್ಲಿಯ ತೂತುಗಳಿಗೆ ಎರಡು ಕಡ್ಡಿ ಸಿಕ್ಕಿಸುವಂಥದ್ದು ಹಲವು ಕಾರಿಗೆ ಸಾಕು. ಹೋಂಡಾದ ಅನೇಕ ಎಂಜಿನ್‌ಗಳಲ್ಲಿ ಪುಲ್ಲಿಯ ನಡುವೆ 50 ಮಿ.ಮೀ.ನ ಆರು ಮೂಲೆಯ ಕುಳಿ ಇರುತ್ತದೆ, ಅದಕ್ಕೆ ಅದೇ ಅಳತೆಯ ಹೋಲ್ಡರ್ ಬೇಕು. ಗೇರ್‌ಬಾಕ್ಸ್ ಕಡೆಯಿಂದ ಫ್ಲೈವೀಲ್ ಹಲ್ಲಿಗೆ ಸಿಕ್ಕಿಸುವ ಲಾಕ್ ಕೂಡ ಒಳ್ಳೆಯದೇ, ಜಾಗ ಸಿಕ್ಕರೆ.

ಬ್ರೇಕರ್ ಬಾರನ್ನು ನೆಲಕ್ಕೋ ಚೇಸಿಗೋ ಒರಗಿಸಿ ಸ್ಟಾರ್ಟರ್ ಒಂದು ಸಲ ಹೊಡೆದರೆ ಬೋಲ್ಟ್ ಬಿಚ್ಚಿಕೊಳ್ಳುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬಿಚ್ಚಿಕೊಳ್ಳಲೂಬಹುದು. ಬಾರ್ ಹಾರಿ ಬಂದು ಕೈಗೋ ರೇಡಿಯೇಟರ್‌ಗೋ ಬಡಿಯಲೂಬಹುದು. ನಾನಂತೂ ಮಾಡುವುದಿಲ್ಲ.

ಇಂಪ್ಯಾಕ್ಟ್ ಗನ್ ಇದ್ದರೆ ಬಿಚ್ಚಲು ಬಳಸಬಹುದು, ಆದರೆ ಟೈಮಿಂಗ್ ಪಿನ್ ಹಾಕಿರುವಾಗ ಬೇಡ. ಬಿಗಿ ಮಾಡಲು ಅದನ್ನು ಹತ್ತಿರಕ್ಕೂ ತರಬೇಡಿ.

ಬೋಲ್ಟ್ ಬಂದ ಮೇಲೆ ಪುಲ್ಲಿ ಸುಮ್ನೆ ಬರುವುದಿಲ್ಲ. ಇಲ್ಲಿ ಪುಲ್ಲರ್ ಆಯ್ಕೆ ಮುಖ್ಯ. ಅನೇಕ ಪುಲ್ಲಿಗಳಲ್ಲಿ ಒಳಗಿನ ಗುಂಬಕ್ಕೂ ಹೊರಗಿನ ಬಳೆಗೂ ನಡುವೆ ರಬ್ಬರ್ ಪದರ ಇರುತ್ತದೆ, ಕ್ರ್ಯಾಂಕ್‌ನ ಕಂಪನ ಹೀರಿಕೊಳ್ಳಲು. ಮೂರು ಕಾಲಿನ ಮಾಮೂಲಿ ಪುಲ್ಲರ್ ಹೊರಗಿನ ಬಳೆಯನ್ನು ಹಿಡಿದು ಎಳೆಯುತ್ತದೆ. ರಬ್ಬರ್ ಹರಿಯುತ್ತದೆ, ಪುಲ್ಲಿ ಹೊಸದೇ ಬೇಕಾಗುತ್ತದೆ. ಒಳಗಿನ ಗುಂಬದ ಥ್ರೆಡ್ ತೂತುಗಳಿಗೆ ಬೋಲ್ಟ್ ಹಾಕಿ ಎಳೆಯುವ ಪುಲ್ಲರ್ ತನ್ನಿ.

ಸಾಕೆಟ್, ಬಿಟ್, ಮ್ಯಾಗ್ನೆಟ್

ಕಾಲು, ಮೂರೆಂಟನೇ, ಅರ್ಧ ಇಂಚು, ಈ ಮೂರೂ ಡ್ರೈವ್‌ನ ರ‍್ಯಾಚೆಟ್ ಇರಲಿ. ಕವರ್ ಬೋಲ್ಟ್‌ಗಳಿಗೆ 8 ಮತ್ತು 10 ಮಿ.ಮೀ. ಸಾಕೆಟ್ ಹೆಚ್ಚಾಗಿ ಬೇಕಾಗುತ್ತದೆ. ಯುರೋಪಿನ ಕಾರುಗಳಲ್ಲಿ ಟಾರ್ಕ್ಸ್, ಅದರ ಉಲ್ಟಾ ರೂಪದ ಇ-ಟಾರ್ಕ್ಸ್, ಹನ್ನೆರಡು ಮೊನೆಯ ಟ್ರಿಪಲ್ ಸ್ಕ್ವೇರ್ ಎದುರಾಗುತ್ತವೆ. ಟ್ರಿಪಲ್ ಸ್ಕ್ವೇರ್ ಬೋಲ್ಟಿಗೆ ಟಾರ್ಕ್ಸ್ ಬಿಟ್ ತುರುಕಿದರೆ ಒಳಗೆ ಕೂತಂತೆಯೇ ಅನಿಸುತ್ತದೆ. ಬಲ ಹಾಕಿದಾಗ ಒಳಗಿನ ಹಲ್ಲೆಲ್ಲ ಸವರಿಹೋಗುತ್ತದೆ.

ಒಂದು ರಟ್ಟು ತೆಗೆದುಕೊಂಡು ಮುಂದಿನ ಕವರ್‌ನ ಆಕಾರವನ್ನು ಒರಟಾಗಿ ಬಿಡಿಸಿ. ಬೋಲ್ಟ್ ತೆಗೆದಂತೆ ಅದದೇ ಜಾಗದಲ್ಲಿ ರಟ್ಟಿಗೆ ಚುಚ್ಚುತ್ತಾ ಹೋಗಿ. ಕವರ್ ಬೋಲ್ಟ್‌ಗಳು ನೋಡಲು ಒಂದೇ, ಉದ್ದ ಬೇರೆ. ಗಿಡ್ಡ ಬೋಲ್ಟ್ ಜಾಗಕ್ಕೆ ಉದ್ದದ್ದು ಹಾಕಿ ಬಿಗಿ ಮಾಡಿದರೆ ಬ್ಲಾಕ್ ಒಡೆದೀತು. ಒಂದು ರಟ್ಟಿನ ಚೂರು ಇದನ್ನೆಲ್ಲ ತಪ್ಪಿಸುತ್ತದೆ.

ಬಾಗುವ ಕುತ್ತಿಗೆಯ ಮ್ಯಾಗ್ನೆಟ್ ಕಡ್ಡಿ ಒಂದು ಇರಲೇಬೇಕು. ಹಾಗೇ ಶುಭ್ರವಾದ, ನೂಲು ಬಿಡದ ಬಟ್ಟೆ. ಚೈನ್ ಓಡುವ ಗೂಡು ಮೇಲಿಂದ ಸೀದಾ ತಳದಲ್ಲಿ ಆಯಿಲ್ ನಿಲ್ಲುವ ಸಂಪ್‌ವರೆಗೆ ತೆರೆದಿರುತ್ತದೆ. ಮೊದಲ ಸಲ ನಾನು ಬಟ್ಟೆ ತುರುಕದೆ, ಚೈನ್ ಒರಗಿ ಜಾರುವ ಗೈಡ್ ಪಟ್ಟಿ ಬಿಚ್ಚಲು ಹೋಗಿ ಎಂ6 ಬೋಲ್ಟೊಂದನ್ನು ಕೆಳಗೆ ಬಿಟ್ಟೆ. ಟಿಣ್ ಅಂತ ಒಂದು ಸದ್ದು, ಆಮೇಲೆ ಇನ್ನೊಂದು, ಇನ್ನೂ ಕೆಳಗೆ. ಮ್ಯಾಗ್ನೆಟ್ ಇಳಿಬಿಟ್ಟುಕೊಂಡು ಅರ್ಧ ದಿನ ಕಳೆಯಿತು. ಎಷ್ಟು ಬಟ್ಟೆ ತುರುಕಿದಿರಿ ಅಂತ ಎಣಿಸಿ ಬರೆದಿಡಿ, ತೆಗೆಯುವಾಗ ಲೆಕ್ಕ ಸರಿ ಬರಬೇಕು.

ಎಂಜಿನ್ ಎತ್ತಿ ಹಿಡಿಯುವುದು

ಎಂಜಿನ್ ಅಡ್ಡಲಾಗಿ ಕೂತಿರುವ ಕಾರುಗಳಲ್ಲಿ ಚೈನ್ ಬದಿಯ ಎಂಜಿನ್ ಮೌಂಟ್ ತೆಗೆಯಬೇಕಾಗಿ ಬರಬಹುದು. ಆಗ ಎಂಜಿನ್ ಭಾರ ಯಾರಾದರೂ ಹೊರಬೇಕಲ್ಲ. ಎರಡೂ ಫೆಂಡರ್ ಅಂಚಿನ ಮೇಲೆ ಕೂತು ಮೇಲಿಂದ ಕೊಕ್ಕೆಯಲ್ಲಿ ಹಿಡಿಯುವ ಸಪೋರ್ಟ್ ಬಾರ್ ಒಳ್ಳೆಯದು. ಸಂಪ್ ಕೆಳಗೆ ಹಲಗೆ ಇಟ್ಟು ಜಾಕ್ ಕೊಡುವುದೂ ಉಂಟು. ಆದರೆ ತಗಡಿನ ಸಂಪ್ ಆದರೆ ನೆಗ್ಗುತ್ತದೆ, ಸಂಪ್ ಬಿಚ್ಚಬೇಕಾದರೆ ಆ ದಾರಿಯೇ ಮುಚ್ಚಿತು. ಕಾರಿನ ಅಡಿಗೆ ಹೋಗುವ ಮೊದಲು ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಒಳಗೆ ಮಲಗಬೇಡಿ. ಬ್ಯಾಟರಿ ತಂತಿ ಮೊದಲೇ ಬಿಚ್ಚಿರಲಿ.

ಚೈನ್ ಹಾಕುವ ಹೊತ್ತಿಗೆ

ಇಲ್ಲಿ ಟೂಲ್ ಕಡಿಮೆ, ತಾಳ್ಮೆ ಜಾಸ್ತಿ. ಟೆನ್ಷನರ್‌ನ ಪಿಸ್ಟನ್ನನ್ನು ಒಳಗೆ ಒತ್ತಿ ಪಿನ್ ಹಾಕಿ ನಿಲ್ಲಿಸಬೇಕು. ಸುಮಾರು 2-3 ಮಿ.ಮೀ. ದಪ್ಪದ ಡ್ರಿಲ್ ಬಿಟ್ ಅಥವಾ ಸಣ್ಣ ಅಲೆನ್ ಕೀ ಅನೇಕ ಟೆನ್ಷನರ್‌ಗಳಿಗೆ ಸರಿಹೋಗುತ್ತದೆ. ಹೊಸ ಟೆನ್ಷನರ್‌ಗೆ ಹೆಚ್ಚಾಗಿ ಪಿನ್ ಹಾಕಿಯೇ ಕೊಟ್ಟಿರುತ್ತಾರೆ. ಚೈನ್, ಗೈಡ್ ಎಲ್ಲ ಕೂತ ಮೇಲಷ್ಟೇ ಅದನ್ನು ಎಳೆಯಿರಿ.

ಹಳೇ ಚೈನ್ ತೆಗೆಯುವ ಮೊದಲು ಬಿಳಿ ಪೇಂಟ್ ಪೆನ್ನಿನಿಂದ ಸ್ಪ್ರಾಕೆಟ್‌ಗೂ ಅದರ ಪಕ್ಕದ ಲೋಹಕ್ಕೂ ಸೇರಿಸಿ ಗೆರೆ ಎಳೆಯಿರಿ. ನಾಲ್ಕಾರು ಫೋಟೋನೂ ತೆಗೆಯಿರಿ. ಲಾಕ್ ಕಿಟ್ ಇದ್ದರೂ ಇದು ಬೇಕು. ಕಿಟ್ ಇಲ್ಲದಿದ್ದರೆ ಗೆರೆ ಸಾಕಲ್ವಾ ಅಂದರೆ, ಕೀಲಿ ಇಲ್ಲದ ಸ್ಪ್ರಾಕೆಟ್‌ಗೆ ಸಾಲದು. ಅಲ್ಲದೆ ಸವೆದ ಚೈನ್ ಇದ್ದಾಗ ಎಳೆದ ಗೆರೆ ಸವೆದ ಟೈಮಿಂಗನ್ನೇ ತೋರಿಸುತ್ತದೆ.

ಹೊಸ ಚೈನ್‌ನಲ್ಲಿ ಬಣ್ಣದ ಕೊಂಡಿಗಳಿದ್ದರೆ ಅವು ಸ್ಪ್ರಾಕೆಟ್‌ನ ಗುರುತಿಗೆ ಎದುರಾಗಿ ಬರಬೇಕು. ಎರಡು ಸುತ್ತು ತಿರುಗಿಸಿ ನೋಡಿದಾಗ ಈ ಬಣ್ಣದ ಕೊಂಡಿಗಳು ಎಲ್ಲೋ ಹೋಗಿರುತ್ತವೆ. ಗಾಬರಿ ಬೇಡ. ಅವು ಜೋಡಿಸುವಾಗಿನ ಗುರುತು ಮಾತ್ರ. ಮತ್ತೆ ಎದುರಾಗಬೇಕಾದರೆ ಎಷ್ಟೋ ಸುತ್ತು ಬೇಕು. ಆಗ ನೋಡಬೇಕಾದ್ದು ಸ್ಪ್ರಾಕೆಟ್‌ನ ಗುರುತು ಮತ್ತು ಲಾಕ್ ಪ್ಲೇಟ್.

ಟಾರ್ಕ್ ರೆಂಚ್: ಒಂದಲ್ಲ, ಎರಡು

ಎಂ6 ಬೋಲ್ಟ್‌ಗಳಿಗೆ ಸುಮಾರು 8-10 ನ್ಯೂಟನ್ ಮೀಟರ್. ಕ್ರ್ಯಾಂಕ್ ಬೋಲ್ಟಿಗೆ ಕೆಲವು ಎಂಜಿನ್‌ಗಳಲ್ಲಿ 100 ನ್ಯೂಟನ್ ಮೀಟರ್, ಅದರ ಮೇಲೆ ಇನ್ನೂ 90 ಡಿಗ್ರಿ ತಿರುಗಿಸುವುದು. ಒಂದೇ ರೆಂಚ್ ಎರಡನ್ನೂ ಮಾಡಲಾರದು. ಮಾಮೂಲಿ ಕ್ಲಿಕ್ ರೆಂಚನ್ನು ಅದರ ಗರಿಷ್ಠದ ಐದನೇ ಒಂದು ಭಾಗಕ್ಕಿಂತ ಕೆಳಗೆ ನಂಬಬಾರದು. ಕ್ಯಾಮನ್ನು ಹಿಡಿದಿಡುವ ಕ್ಯಾಪ್‌ನ ಬೋಲ್ಟೊಂದಕ್ಕೆ ನಾನು ಅರ್ಧ ಇಂಚಿನ ದೊಡ್ಡ ರೆಂಚ್ ಹಾಕಿದ್ದೆ. ಟಕ್ ಅನ್ನುವ ಸದ್ದು ಈಗ ಬರುತ್ತದೆ, ಇನ್ನೇನು ಬರುತ್ತದೆ ಅಂತ ಕಾಯುತ್ತಾ ತಿರುಗಿಸಿದೆ. ಸದ್ದು ಬರಲಿಲ್ಲ, ಬೋಲ್ಟಿನ ತಲೆ ಬಂತು.

ಹಾಗಾಗಿ 5ರಿಂದ 25 ನ್ಯೂಟನ್ ಮೀಟರ್‌ನ ಚಿಕ್ಕದೊಂದು, 40ರಿಂದ 200ರ ದೊಡ್ಡದೊಂದು ಇಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಸ್ಪ್ರಿಂಗ್ ಸಡಿಲವಾಗುವಂತೆ ಅತಿ ಕಡಿಮೆ ಅಂಕೆಗೆ ಇಳಿಸಿ ಇಡಿ. ಬೋಲ್ಟ್ ಬಿಚ್ಚಲು ಟಾರ್ಕ್ ರೆಂಚ್ ಬಳಸುವವರ ಕೈಯಿಂದ ಅದನ್ನು ಕಸಿದುಕೊಳ್ಳಿ.

ಡಿಗ್ರಿ ಲೆಕ್ಕಕ್ಕೆ ಆ್ಯಂಗಲ್ ಗೇಜ್ ಬೇಕು. 90 ಡಿಗ್ರಿಯನ್ನು ಕಣ್ಣಂದಾಜಲ್ಲಿ, ಬೋಲ್ಟಿನ ತಲೆಗೆ ಪೇಂಟ್ ಗುರುತು ಹಾಕಿ ತಿರುಗಿಸಬಹುದು. ಆದರೆ ಇಕ್ಕಟ್ಟಿನಲ್ಲಿ ಎರಡು ಮೂರು ಸಲ ಬಾರ್ ಬದಲಿಸಬೇಕಾದಾಗ ಲೆಕ್ಕ ತಪ್ಪುತ್ತದೆ. ಡಿಗ್ರಿಯಲ್ಲಿ ಬಿಗಿ ಮಾಡುವ ಬೋಲ್ಟ್‌ಗಳಲ್ಲಿ ಹೆಚ್ಚಿನವು ಎಳೆದುಕೊಳ್ಳುವಂತೆಯೇ ಮಾಡಿದವು. ಒಂದು ಸಲಕ್ಕೆ ಮಾತ್ರ. ಮ್ಯಾನುಯಲ್ ಹೊಸದು ಅಂದರೆ ಹೊಸದೇ ಹಾಕಿ.

ಒರೆಸುವುದು, ಅಂಟಿಸುವುದು

ಹಳೇ ಸಿಲಿಕೋನ್ ಕೆರೆಯಲು ಪ್ಲಾಸ್ಟಿಕ್ ಸ್ಕ್ರೇಪರ್. ಡ್ರಿಲ್‌ಗೆ ಸಿಕ್ಕಿಸುವ ಉಜ್ಜುವ ಡಿಸ್ಕ್ ಬೇಗ ಕೆಲಸ ಮುಗಿಸುತ್ತದೆ ನಿಜ, ಆದರೆ ಅದರ ಪುಡಿ ಎಂಜಿನ್ ಒಳಗೆ ಬಿದ್ದು ಬೇರಿಂಗ್ ತಿನ್ನುತ್ತದೆ. ಬ್ರೇಕ್ ಕ್ಲೀನರ್‌ನಿಂದ ಎಣ್ಣೆ ಪಸೆ ಹೋಗುವಂತೆ ಒರೆಸಿ. ಸಿಲಿಕೋನ್ ಗೆರೆ ತೆಳ್ಳಗಿರಲಿ. ಹೆಚ್ಚಾಗಿ ಹಾಕಿದ್ದು ಒಳಗೂ ಹಿಂಡಿಕೊಂಡು ಬರುತ್ತದೆ, ಉದುರಿ ಹೋಗಿ ಆಯಿಲ್ ಪಂಪ್‌ನ ಜಾಲರಿಗೆ ಅಂಟಿಕೊಳ್ಳುತ್ತದೆ. ಮುಂದಿನ ಆಯಿಲ್ ಸೀಲ್ ಕೂರಿಸಲು ಅದೇ ಅಗಲದ ಸೀಲ್ ಡ್ರೈವರ್ ಅಥವಾ ಅಷ್ಟೇ ಅಗಲದ ಹಳೇ ಸಾಕೆಟ್ ಆಗುತ್ತದೆ.

ಸ್ಟಾರ್ಟ್ ಮಾಡುವ ಮುನ್ನ

ಮುಂದಿನ ಕವರ್ ಮುಚ್ಚುವ ಮೊದಲೇ ಇದನ್ನು ಮಾಡಿ. ಕೀಲಿ ಇಲ್ಲದ ಎಂಜಿನ್ ಆದರೆ ಮಾತ್ರ, ಕವರ್ ಮುಚ್ಚಿ ಪುಲ್ಲಿ ಬೋಲ್ಟ್ ಪೂರ್ತಿ ಬಿಗಿಯಾದ ಮೇಲಷ್ಟೇ ಸಾಧ್ಯ. ಎಲ್ಲ ಲಾಕ್ ಟೂಲ್ ತೆಗೆಯಿರಿ. ಪಿನ್ ಎಣಿಸಿ, ಬಟ್ಟೆ ಎಣಿಸಿ. ರ‍್ಯಾಚೆಟ್ ಹಿಡಿದು ಕ್ರ್ಯಾಂಕನ್ನು ಅದು ಓಡುವ ದಿಕ್ಕಿನಲ್ಲೇ, ಕೈಯಿಂದ, ಎರಡು ಪೂರ್ತಿ ಸುತ್ತು ತಿರುಗಿಸಿ. ಹಿಂದಕ್ಕೆ ತಿರುಗಿಸಬೇಡಿ, ಚೈನ್ ಸಡಿಲವಾಗಿ ಹಲ್ಲು ಹಾರಬಹುದು. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ, ಅದು ವಾಲ್ವ್ ಪಿಸ್ಟನ್‌ಗೆ ತಾಗುತ್ತಿರುವುದು ಇರಬಹುದು. ಎರಡು ಸುತ್ತಾದ ಮೇಲೆ ಲಾಕ್ ಪ್ಲೇಟ್, ಪಿನ್ ಮತ್ತೆ ಹಾಕಿ ನೋಡಿ. ಮೊದಲಿನಷ್ಟೇ ನಯವಾಗಿ ಹೋಗಬೇಕು. ಹೋಗದಿದ್ದರೆ ಬೇಜಾರಾದರೂ ಮತ್ತೆ ಬಿಚ್ಚಿ. ಹೋದರೆ ಮತ್ತೆ ಎಲ್ಲ ತೆಗೆದು ಎಣಿಸಿ.

ಹೊಸ ಆಯಿಲ್, ಫಿಲ್ಟರ್ ಹಾಕಿ. ಫ್ಯುಯೆಲ್ ಪಂಪ್‌ನ ಫ್ಯೂಸ್ ತೆಗೆದು, ಸ್ಟಾರ್ಟರನ್ನು ಕೆಲವು ಸೆಕೆಂಡ್‌ನಂತೆ ಎರಡು ಮೂರು ಸಲ ಹೊಡೆಯಿರಿ. ಟೆನ್ಷನರ್‌ಗೆ ಎಣ್ಣೆಯ ಒತ್ತಡ ತಲುಪಲಿ. ಆಮೇಲೆ ಫ್ಯೂಸ್ ಹಾಕಿ ಸ್ಟಾರ್ಟ್ ಮಾಡಿ, ಆ್ಯಕ್ಸಿಲರೇಟರ್ ಮುಟ್ಟಬೇಡಿ. ಮೊದಲ ಒಂದೆರಡು ಸೆಕೆಂಡ್ ಸದ್ದು ಬಂದು ನಿಲ್ಲಬಹುದು. ಕವರ್‌ನ ಕೆಳಗಿನ ಮೂಲೆಗಳಲ್ಲಿ ಎಣ್ಣೆ ಜಿನುಗುತ್ತಿದೆಯಾ ಅಂತ ಟಾರ್ಚ್ ಹಿಡಿದು ನೋಡಿ. ಸ್ಕ್ಯಾನರ್‌ನಲ್ಲಿ ಹಳೇ ಕೋಡ್ ಅಳಿಸಿ. ಮಾರನೇ ದಿನ ಬೆಳಗ್ಗೆ, ಎಂಜಿನ್ ಪೂರ್ತಿ ತಣ್ಣಗಾಗಿರುವಾಗ, ಬಾನೆಟ್ ತೆರೆದಿಟ್ಟು ಇನ್ನೊಮ್ಮೆ ಸ್ಟಾರ್ಟ್ ಮಾಡಿ ಕೇಳಿ. ಆ ಗಲಗಲ ಸದ್ದು ಬರುತ್ತಿದ್ದುದೂ ಅದೇ ಹೊತ್ತಿಗೆ ಅಲ್ವಾ.